ಫೋನಿನಲ್ಲಿ ಗಾಯ ತೋರಿಸಿದ ದಿನಗಳು

ನನ್ನ ಅಕ್ಕನ ಮಗಳು ಜೇವರ್ಗಿ ತಾಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ಹೊಸದಾಗಿ ನರ್ಸ್ ಆಗಿ ಸೇರಿದ್ದಾಳೆ. ಹೋದ ವರ್ಷ ಅವಳಲ್ಲಿಗೆ ಹೋಗಿದ್ದಾಗ, ಬೇವಿನ ಗಿಡದಿಂದ ಬಿದ್ದು ಮೊಣಕೈ ತಿರುಚಿಕೊಂಡ ಹುಡುಗಿಯೊಬ್ಬಳನ್ನು ಮನೆಯವರು ಎತ್ತಿಕೊಂಡು ಬಂದರು. ಇವಳು ಮೊಬೈಲ್ ತೆಗೆದು ಕೈಯನ್ನು ಆ ಕಡೆಯಿಂದೊಮ್ಮೆ ಈ ಕಡೆಯಿಂದೊಮ್ಮೆ ಫೋಟೋ ಹೊಡೆದು ಕಲಬುರಗಿಯ ಮಕ್ಕಳ ಡಾಕ್ಟರಿಗೆ ಕಳಿಸಿದಳು. ನಮ್ಮ ಚಹಾ ಮುಗಿಯುವುದರೊಳಗೆ ಉತ್ತರ ಬಂತು. ನಾನು ಕಪ್ಪು ಹಿಡಿದುಕೊಂಡು ಸುಮ್ಮನೆ ನೋಡುತ್ತ ಕುಳಿತಿದ್ದೆ.

"ಹಂಗ್ಯಾಕ ನೋಡ್ತಿ ಮೌಶಿ? ನಿಮ್ಮ ಕಾಲಕ್ಕ ಇದೆಲ್ಲ ಇದ್ದಿದ್ದಿಲ್ಲ ಹೌದಿಲ್ಲೋ?" ಎಂದಳು.

"ಫೋಟೋ ಇದ್ದಿದ್ದಿಲ್ಲ. ಫೋನ್ ಇತ್ತು," ಎಂದೆ.

ಅವತ್ತು ಅವಳಿಗೆ ಹೇಳಿದ್ದನ್ನೇ ಈಗ ಅವಳಂತೆ ಹೊಸದಾಗಿ ಕೆಲಸಕ್ಕೆ ಸೇರುವ ಎಲ್ಲರಿಗೂ ಬರೆದಿಡುತ್ತಿದ್ದೇನೆ. ಊರಿನ ಹೆಸರು ಬರೆಯುವುದಿಲ್ಲ, ಜನರ ಹೆಸರನ್ನೂ ಬದಲಿಸಿದ್ದೇನೆ. ಯಾಕೆಂದು ಓದಿದ ಮೇಲೆ ತಿಳಿಯುತ್ತದೆ.

ನಾನು ಆಳಂದದವಳು. ಅಪ್ಪ ಅವ್ವ ಇಬ್ಬರೂ ಕೂಲಿ ಮಾಡಿ ನನ್ನನ್ನು ನರ್ಸಿಂಗ್ ಓದಿಸಿದರು. ಎಂಬತ್ತರ ದಶಕದ ಆರಂಭದಲ್ಲಿ ಅಫಜಲಪುರ ತಾಲೂಕಿಗೆ, ಗೊಬ್ಬೂರಿನಿಂದ ಆಚೆ ಒಳದಾರಿಯ ಒಂದು ಹಳ್ಳಿಗೆ ನನ್ನನ್ನು ಹಾಕಿದರು. ಊರವರ ಬಾಯಲ್ಲಿ ನಾನು 'ನರ್ಸ್ ಬಾಯಿ', 'ಬಾಯಾರು' ಆದೆ. ದವಾಖಾನೆ ಅಂದರೆ ಬಾಡಿಗೆಯ ಒಂದು ಕೋಣೆ, ಒಂದು ಕಬ್ಬಿಣದ ಮಂಚ, ಗಾಜಿನ ಬಾಗಿಲಿನ ಒಂದು ಕಪಾಟು. ಡಾಕ್ಟರು ವಾರಕ್ಕೊಮ್ಮೆ ಬರಬೇಕಿತ್ತು. ಬಸ್ಸು ಕೆಟ್ಟರೆ ಅದೂ ಇಲ್ಲ. ಊರಿಗೆಲ್ಲ ಇದ್ದ ಒಂದೇ ಫೋನು ನಮ್ಮ ಕೋಣೆಗೆ ಹತ್ತಿದ ಅಡತಿ ಅಂಗಡಿಯಲ್ಲಿತ್ತು. ಅಂಗಡಿ ಶರಣಪ್ಪ ಸಾವ್ಕಾರರದು. ತೊಗರಿ, ಜೋಳ, ಕುಸುಬಿ ತೂಗುವ ಜಾಗ.

ಅದೇ ವರ್ಷ ಗುಲಬರ್ಗಾದಿಂದ ಒಬ್ಬ ಮಕ್ಕಳ ಸರ್ಜನ್ ನಮ್ಮ ಕಡೆ ತಪಾಸಣೆಗೆ ಬಂದರು. ಬಾಗಿಲಲ್ಲಿ ಸಾಲಾಗಿ ಕುಳಿತ ಮಕ್ಕಳ ಕೈಕಾಲು ನೋಡಿ ಅವರ ಮುಖ ಕಪ್ಪಿಟ್ಟಿತು. ಮುರಿದ ಮೂಳೆ ಸೊಟ್ಟಗೆ ಕೂಡಿಕೊಂಡ ಹುಡುಗ, ಸುಟ್ಟ ಗಾಯ ಮಾಗಿ ಬೆರಳೆಲ್ಲ ಅಂಟಿಕೊಂಡ ಹುಡುಗಿ. "ಇವ್ರನ್ನ ಅವತ್ತೇ ಯಾರರೇ ನೋಡಿದ್ರ ಹಿಂಗ ಆಗ್ತಿದ್ದಿಲ್ಲ," ಎಂದರು. ಹೋಗುವಾಗ ಆಸ್ಪತ್ರೆಯ ಫೋನ್ ನಂಬರು ಕೊಟ್ಟು ಹೇಳಿದರು:

"ಮಕ್ಕಳಿಗೆ ಪೆಟ್ಟಾದ್ರ ನನಗ ಫೋನ್ ಹಚ್ರಿ ಸಿಸ್ಟರ್. ನನಗ ನಿಮ್ಮ ಕಣ್ಣು ಬೇಕು, ನಿಮ್ಮ ಅಭಿಪ್ರಾಯ ಬ್ಯಾಡ. ಗಾಯ ಎಷ್ಟದ ಅಂತ ಕೇಳಿದ್ರ 'ದೊಡ್ಡದದ' ಅನಬ್ಯಾಡ್ರಿ. ತೊಗರಿಕಾಳಿನಷ್ಟದ, ಕೂಸಿನ ಅಂಗೈಯಷ್ಟದ, ಹಂಗ ಹೇಳ್ರಿ."

ಮೊದಮೊದಲು ಅವರ ಮೇಲೆ ಸಿಟ್ಟು ಬರುತ್ತಿತ್ತು. ಇಲ್ಲಿ ಮಗು ಚೀರುತ್ತಿರುತ್ತದೆ, ತಾಯಿ ಎದೆ ಬಡಿದುಕೊಳ್ಳುತ್ತಿರುತ್ತಾಳೆ, ಅಲ್ಲಿ ಅವರು "ಬಣ್ಣ ಎಂಥದದ? ಒತ್ತಿದ್ರ ಬೆಳ್ಳಗಾಗತದೇನು?" ಎಂದು ಸಾವಕಾಶ ಕೇಳುತ್ತಿದ್ದರು. ಆದರೆ ಅವರ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಕೊಡುತ್ತ ನನ್ನ ನಡುಕ ನಿಂತು, ಗಾಯ ಕಾಣಿಸಲು ಶುರುವಾಗುತ್ತಿತ್ತು.

ಫೋನಿನ ತಂತಿ ದವಾಖಾನೆಯವರೆಗೆ ಮುಟ್ಟುತ್ತಿರಲಿಲ್ಲ. ಹಾಗಾಗಿ ಮಗುವನ್ನೇ ಅಂಗಡಿಗೆ ತಂದು ತೊಗರಿ ಚೀಲಗಳ ಮೇಲೆ ಮಲಗಿಸಿ, ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಗಾಯ ಮುಟ್ಟಿ ನೋಡಬೇಕಿತ್ತು. ಹಮಾಲರು, ಗಿರಾಕಿಗಳು, ದಾರಿಹೋಕರು ಎಲ್ಲರೂ ಸುತ್ತ ನೆರೆಯುತ್ತಿದ್ದರು. ಅಫಜಲಪುರದ ಎಕ್ಸ್‌ಚೇಂಜಿನವರು ಗುಲಬರ್ಗಾಕ್ಕೆ ಲೈನು ಕೂಡಿಸಿ ಕೊಡಬೇಕಿತ್ತು. ಕೂಡಿದರೂ ಒಮ್ಮೊಮ್ಮೆ ಮಾತಿಗಿಂತ ಗೊರಗೊರ ಸದ್ದೇ ಹೆಚ್ಚು.

ಆ ಸದ್ದು ಒಮ್ಮೆ ಒಂದು ಮಗುವಿನ ಜೀವಕ್ಕೇ ಬಂದಿತ್ತು.

ತೊಗರಿ ಕೊಯ್ದ ಮೇಲೆ ಹೊಲದಲ್ಲಿ ಉಳಿಯುವ ಕೂಳೆ ಎಷ್ಟು ಚೂಪಾಗಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಕೂಳೆ ಹೊಲದಲ್ಲಿ ಓಡುತ್ತಿದ್ದ ಒಂದು ಸಣ್ಣ ಹುಡುಗಿ ಮುಗ್ಗರಿಸಿ ಬಿದ್ದಳು. ಕೂಳೆ ತೊಡೆಯ ಸಂದಿಯಲ್ಲಿ ನೆಟ್ಟು ಬುಡಕ್ಕೆ ಮುರಿದಿತ್ತು. ಅಪ್ಪ ಮಗಳನ್ನು ತೋಳಲ್ಲಿ ಹೊತ್ತು ಓಡಿ ಬಂದಾಗ ಹೆಬ್ಬೆರಳಿನಷ್ಟು ದಪ್ಪದ ಕಟ್ಟಿಗೆ ಇನ್ನೂ ಹೊರಗೆ ಚಾಚಿಕೊಂಡಿತ್ತು. ಆಶ್ಚರ್ಯವೆಂದರೆ ರಕ್ತ ಬಹಳ ಇರಲಿಲ್ಲ.

ಲೈನು ಕೂಡಿತು. ನೋಡಿದ್ದನ್ನೆಲ್ಲ ಹೇಳಿದೆ. ಆ ಕಡೆಯಿಂದ ಸರ್ಜನ್ ಕೂಗಿದ್ದು ನನಗೆ ಕೇಳಿದ್ದು ಇಷ್ಟೇ: "ಸಿಸ್ಟರ್... ಕಟ್ಟಿಗಿ ತೆಗೀ..." ಆಮೇಲೆ ಗೊರಗೊರ.

"ತೆಗೀ ಅಂದ್ರೇನ್ರಿ?" ಎಂದು ನಾನು ಗಟ್ಟಿಯಾಗಿ ಕೇಳಿದೆ. ಪಕ್ಕದಲ್ಲಿದ್ದ ಅಪ್ಪನಿಗೆ ಅಷ್ಟೇ ಸಾಕಾಯಿತು. "ತೆಗೀ ಅಂತಾರ, ತೆಗೀತೇನಿ ತಡಿ," ಎಂದು ಆ ಕಟ್ಟಿಗೆಗೆ ಕೈ ಹಾಕಿಯೇ ಬಿಟ್ಟ.

ಅಷ್ಟರಲ್ಲಿ ಲೈನಿನ ನಡುವಿನಿಂದ ಮತ್ತೊಂದು ದನಿ ಕೇಳಿತು. ಎಕ್ಸ್‌ಚೇಂಜಿನ ಆಪರೇಟರನದು. "ಬಾಯಾರೇ, ತೆಗೀಬ್ಯಾಡ ಅನ್ಲಿಕತ್ತಾರ್ರಿ! ತೆಗೀಬ್ಯಾಡ! ನನಗ ಸಾಫ್ ಕೇಳಾಕತ್ತದ!"

ನಾನು ಫೋನು ಬಿಟ್ಟು ಆ ಅಪ್ಪನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಅವನ ಕೈ ಕಲ್ಲಿನಂತೆ ಬಿಗಿದಿತ್ತು. "ಬಿಡಣ್ಣಾ, ಬಿಡು, ಬಿಡು," ಎನ್ನುತ್ತಲೇ ಇದ್ದೆ. ಸಾವ್ಕಾರರು ಹಿಂದಿನಿಂದ ಬಂದು ಅವನ ಬೆರಳು ಒಂದೊಂದಾಗಿ ಬಿಡಿಸಿದರು. ಕಟ್ಟಿಗೆ ಅಲುಗಾಡದಂತೆ ಸುತ್ತ ಬಟ್ಟೆ ಒತ್ತಿಟ್ಟು ಕಟ್ಟಿ, ಸಾವ್ಕಾರರದೇ ಜೀಪಿನಲ್ಲಿ ಗುಲಬರ್ಗಾಕ್ಕೆ ಕಳಿಸಿದೆವು. ಆಪರೇಷನ್ ಮಾಡಿದ ಮೇಲೆ ಸರ್ಜನ್ ಫೋನ್ ಮಾಡಿದರು. ಕಟ್ಟಿಗೆ ದೊಡ್ಡ ರಕ್ತನಾಳವನ್ನು ಸೀಳಿ, ಆ ಸೀಳಿಗೆ ತಾನೇ ಬಿರಡೆಯಾಗಿ ಕುಳಿತಿತ್ತಂತೆ. ಅಂಗಡಿಯಲ್ಲಿ ಎಳೆದಿದ್ದರೆ ನಾವೆಲ್ಲ ನೋಡುತ್ತಿದ್ದಂತೆಯೇ ಹುಡುಗಿ ಹೋಗಿಬಿಡುತ್ತಿದ್ದಳು. ಅದನ್ನು ಕೇಳಿ ಅಲ್ಲೇ ಚೀಲದ ಮೇಲೆ ಕುಳಿತುಬಿಟ್ಟೆ.

"ಇನ್ಮ್ಯಾಲ ಫೋನ್‌ನಾಗ 'ಬ್ಯಾಡ' ಅನ್ನೋ ಮಾತು ಬಂದ್ ಸಿಸ್ಟರ್," ಎಂದರು ಸರ್ಜನ್. "'ತೆಗೀಬ್ಯಾಡ್ರಿ' ಅನ್ನೋದಿಲ್ಲ, 'ಇದ್ದಲ್ಲೇ ಇರ್ಲಿ' ಅಂತೇನಿ. ನಾ ಹೇಳಿದ್ದು ನೀವು ತಿರುಗಿ ಹೇಳ್ರಿ. ಆಮ್ಯಾಲ ಮಗೂನ್ನ ಮುಟ್ರಿ."

ಮುಂದೆ ನಾನು ಎಲ್ಲೇ ಇದ್ದರೂ ಇದನ್ನು ಬಿಡಲಿಲ್ಲ. ನೀವೂ ಬಿಡಬೇಡಿ. ಈಗಿನ ಫೋನಿನಲ್ಲೂ ದನಿ ಕಡಿದು ಹೋಗುತ್ತದೆ.

ಇನ್ನು ಬರೆಯುವ ಸಂಗತಿಯನ್ನು ಬಹಳ ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ.

ಶರಣಪ್ಪ ಸಾವ್ಕಾರರ ಹೆಂಡತಿ ಗುರಮ್ಮ. ಆ ಊರಿಗೆ ಹೋದ ಹೊಸದರಲ್ಲಿ ನನ್ನ ಜಾತಿ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಇಂಜೆಕ್ಷನ್ ಮಾಡಿಸಿಕೊಳ್ಳುತ್ತಿದ್ದರು, ಆದರೆ ನೀರು ಕೇಳಿದರೆ ಮೇಲಿನಿಂದ ಸುರಿಯುತ್ತಿದ್ದರು. ಗುರಮ್ಮ ಒಂದು ದಿನ ನನ್ನನ್ನು ಕೈಹಿಡಿದು ಅಡುಗೆಮನೆಯೊಳಕ್ಕೆ ಕರೆದೊಯ್ದು, ತನ್ನ ಪಕ್ಕ ಕೂಡಿಸಿಕೊಂಡು, ಒಲೆಯ ಮೇಲಿನ ಬಿಸಿ ರೊಟ್ಟಿ ನನ್ನ ತಾಟಿಗೆ ಹಾಕಿದಳು. "ನನ್ನ ಮಗಳಿದ್ದಂಗ ಇದ್ದಿ. ಅಂಗಳದಾಗ ಕುಂತು ಉಣ್ಣಬ್ಯಾಡ," ಎಂದಳು. ಅದಾದ ಮೇಲೆ ಊರಿನ ಉಳಿದ ಮನೆಗಳ ಬಾಗಿಲೂ ಒಂದೊಂದಾಗಿ ತೆರೆದವು. ನಾನು ಆಕೆಯನ್ನು ಅವ್ವಾ ಎಂದೇ ಕರೆಯುತ್ತಿದ್ದೆ.

ಗುರಮ್ಮನ ಮೊಮ್ಮಗ ಸಿದ್ದು. ಆಗಷ್ಟೇ ಮಾತು ಸರಿಯಾಗಿ ಬರುತ್ತಿದ್ದ ವಯಸ್ಸು. ಅವನ ಅಪ್ಪ ವ್ಯಾಪಾರಕ್ಕೆಂದು ಸೊಲ್ಲಾಪುರದಲ್ಲಿರುತ್ತಿದ್ದ. ತಾಯಿ ಮಹಾದೇವಿ ಅತ್ತೆ ಮಾವನ ಜೊತೆ ಇಲ್ಲಿದ್ದಳು. ಸಿದ್ದುಗೆ ತಾಯಿಗಿಂತ ಆಯಿಯೇ ಬೇಕು. ಊಟ, ನಿದ್ದೆ ಎಲ್ಲ ಅಜ್ಜಿಯ ಮಗ್ಗುಲಲ್ಲೇ.

ಚಳಿಗಾಲದ ಒಂದು ಮುಂಜಾನೆ ದವಾಖಾನೆಯ ಬಾಗಿಲು ತೆರೆಯುತ್ತಿದ್ದೆ. ಗುರಮ್ಮ ಸಿದ್ದುವನ್ನು ಎತ್ತಿಕೊಂಡು ಬರಿಗಾಲಲ್ಲಿ ಓಡಿ ಬಂದಳು. ಹಿಂದೆ ಮಹಾದೇವಿ. ಮಗುವಿನ ಕಿರುಚಾಟ ಕೇಳಲಾಗುತ್ತಿರಲಿಲ್ಲ.

"ಕುದಿಯೋ ಹಂಡ್ಯಾಗ ಬಿದ್ದಾನ ಬೇ! ನನ್ನ ಬಂಗಾರ ಬಿದ್ದಾನ!" ಎಂದು ಗುರಮ್ಮ ಒದರುತ್ತಿದ್ದಳು. ಸುಟ್ಟ ಗಾಯಕ್ಕೆ ಪೆನ್ನಿನ ಮಸಿ ಹಚ್ಚುವ ರೂಢಿ ಆಗ ಮನೆಮನೆಯಲ್ಲಿತ್ತು. ಮಗುವಿನ ಎರಡೂ ಪಾದ ಮಸಿಯಿಂದ ನೀಲಿಯಾಗಿದ್ದವು.

ಅಂಗಡಿಗೆ ಒಯ್ದು ಚೀಲದ ಮೇಲೆ ದುಪ್ಪಟಿ ಹಾಸಿ ಮಲಗಿಸಿದೆವು. ನಾನು ತಣ್ಣೀರು ಸುರಿಯುತ್ತ ಮಸಿ ತೊಳೆದೆ. ಸಾವ್ಕಾರರು ಫೋನು ತಿರುಗಿಸಿದರು. ಪುಣ್ಯಕ್ಕೆ ಅವತ್ತು ಲೈನು ಜಲ್ದಿ ಕೂಡಿತು, ದನಿಯೂ ಸ್ವಚ್ಛವಿತ್ತು.

"ಎಲ್ಲೆಲ್ಲಿ ಸುಟ್ಟದ?" ಎಂದರು ಸರ್ಜನ್.

"ಎರಡೂ ಕಾಲು ಸಾಹೇಬ್ರೇ. ಪಾದದಿಂದ ಹಿಡ್ಕೊಂಡು ಹಿಮ್ಮಡದ ಮ್ಯಾಲಿನ ತನಕ. ಗುಳ್ಳಿ ಎದ್ದಾವ."

"ಸುಟ್ಟದ್ದು ಎಲ್ಲಿಗೆ ನಿಲ್ತದಲ್ಲ, ಅಲ್ಲಿ ಗೆರಿ ಹೆಂಗದ?"

ನೋಡಿದೆ. "ಕಾಲಚೀಲ ಹಾಕ್ಕೊಂಡಂಗ ಅದ ಸಾಹೇಬ್ರೇ. ಎರಡೂ ಕಾಲಿಗೆ ಒಂದೇ ಸಮ."

"ತೊಡಿಗೆ, ಹೊಟ್ಟಿಗೆ ನೀರು ಸಿಡಿದ ಗುರುತು?"

"ಇಲ್ರಿ."

"ಬಿದ್ದ ಕೂಸು ಕೈ ಊರತದ. ಕೈಗೆ ಏನಾಗೇದ?"

ಸಿದ್ದುವಿನ ಎರಡೂ ಅಂಗೈ ಬಿಡಿಸಿ ನೋಡಿದೆ. "ಕೈಗೆ ಏನೂ ಆಗಿಲ್ರಿ."

ಸರ್ಜನ್ ಈಗ ಬಹಳ ಮೆಲ್ಲಗೆ ಮಾತಾಡಿದರು.

"ಸಿಸ್ಟರ್, ಈಗ ನಾ ಕೇಳೋದಕ್ಕ ಹೌದು, ಇಲ್ಲ, ಅಷ್ಟೇ ಹೇಳ್ರಿ. ಮನಿಯವ್ರು ಬಾಜೂಕ ಅದಾರೇನು?"

"ಹೌದ್ರಿ."

"ತೋಳಿನ ಮ್ಯಾಲ ಬೆರಳು ಒತ್ತಿದ ಗುರುತು ಅದಾವೇನು ನೋಡ್ರಿ."

ಅಂಗಿಯ ತೋಳು ಸರಿಸಿದೆ. ಎರಡೂ ರಟ್ಟೆಯ ಮೇಲೆ ಕೆಂಪಗೆ, ಸಾಲಾಗಿ, ಬೆರಳಿನ ಗುರುತು ಮೂಡಿದ್ದವು.

"ಹೌದ್ರಿ."

"ಈ ಕೂಸು ಬಿದ್ದಿಲ್ಲ. ಯಾರೋ ಹಿಡಿದು ಬಿಸಿನೀರಾಗ ನಿಂದ್ರಸ್ಯಾರ."

ಫೋನು ನನ್ನ ಕಿವಿಯಿಂದ ಜಾರಿತು. ಮತ್ತೆ ಹಿಡಿದುಕೊಂಡೆ. ಎದುರಿಗೆ ಮೂವರು ನಿಂತಿದ್ದರು. ಮಗುವಿನ ತಲೆ ನೇವರಿಸುತ್ತ ಅಳುತ್ತಿದ್ದ ಗುರಮ್ಮ, ಸೆರಗು ಬಾಯಿಗೆ ತುರುಕಿಕೊಂಡ ಮಹಾದೇವಿ, ನನ್ನ ಬಾಯಿಯನ್ನೇ ನೋಡುತ್ತಿದ್ದ ಸಾವ್ಕಾರರು. ಇವರ ಮನೆಯ ಫೋನು ಹಿಡಿದುಕೊಂಡು, ಇವರ ಅಂಗಡಿಯಲ್ಲಿ ನಿಂತು, ಇವರಲ್ಲೊಬ್ಬರ ಬಗ್ಗೆ ನಾನು ಹೌದು, ಇಲ್ಲ ಎನ್ನುತ್ತಿದ್ದೆ.

"ನಿಮ್ಮ ಮಾರಿ ಮ್ಯಾಲ ಏನೂ ತೋರಿಸದಂಗ ಇರ್ರಿ," ಎಂದರು ಸರ್ಜನ್. "ಮಗೂನ್ನ ಗುಲಬರ್ಗಾಕ್ಕ ತರಬೇಕು ಅಂತ ಹೇಳ್ರಿ. ನೀವೂ ಸಂಗಾಟ ಬರ್ರಿ. ನನ್ನ ಕೈಗೆ ಬರೋತನಕ ಕೂಸು ನಿಮ್ಮ ತೊಡಿಮ್ಯಾಲೇ ಇರ್ಲಿ. ತಿರುಗಿ ಹೇಳ್ರಿ."

"ಮಗೂನ್ನ ಗುಲಬರ್ಗಾಕ್ಕ ತರಬೇಕು," ಎಂದೆ. ಉಳಿದದ್ದು ಬಾಯಿಂದ ಹೊರಡಲಿಲ್ಲ.

ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಅವತ್ತು ನನ್ನ ಕೈಯಲ್ಲಿ ಈಗಿನ ಮೊಬೈಲ್ ಇದ್ದಿದ್ದರೆ ನಾನು ಸುಟ್ಟ ಪಾದದ ಫೋಟೋ ಹೊಡೆದು ಕಳಿಸುತ್ತಿದ್ದೆ. ಏನೂ ಆಗದ ಅಂಗೈಯ ಫೋಟೋ ಯಾರು ಕಳಿಸುತ್ತಾರೆ? ಅಂಗಿಯ ತೋಳು ಸರಿಸಲು ಯಾರಿಗೆ ನೆನಪಾಗುತ್ತದೆ? ಗಾಯದ ಚಿತ್ರ ಕಳಿಸಿ, ಬೇಡ ಎನ್ನುವುದಿಲ್ಲ. ಆದರೆ ಮಗುವನ್ನು ತಲೆಯಿಂದ ಕಾಲಿನವರೆಗೆ ನೀವು ನೋಡಿ, ಡಾಕ್ಟರ ಜೊತೆ ಬಾಯಿಬಿಟ್ಟು ಮಾತಾಡಿ.

ನಾನು ಫೋನು ಕೆಳಗಿಡುವುದಕ್ಕೆ ಮೊದಲೇ ಸಾವ್ಕಾರರು ಕೈ ಚಾಚಿದರು.

"ಹೌದು, ಇಲ್ಲ ಅಂತ ಏನ್ ಹೇಳಾಕತ್ತಿದ್ದಿ ಬಾಯಿ? ಇಷ್ಟು ವರ್ಷ ನೋಡೇನಿ, ನೀ ಹಿಂಗ ಎಂದೂ ಮಾತಾಡಿದಾಕಿ ಅಲ್ಲ. ಕೊಡು ಇಲ್ಲಿ."

ಕೊಡದೆ ಗತಿಯಿರಲಿಲ್ಲ. ಅವರು ಫೋನು ಕಿವಿಗಿಟ್ಟು, "ಡಾಕ್ಟರ್ ಸಾಹೇಬ್ರೇ, ನಾ ಕೂಸಿನ ಮುತ್ಯಾ. ಆಕಿಗಿ ಏನ್ ಹೇಳಿದ್ರಿ ಅದನ್ನ ನನಗ ಹೇಳ್ರಿ," ಎಂದರು.

ಸರ್ಜನ್ ಏನು ಹೇಳಿದರೆಂದು ನನಗೆ ಕೇಳಲಿಲ್ಲ. ಸಾವ್ಕಾರರು ಕೇಳುತ್ತ ಕೇಳುತ್ತ ಬಗ್ಗಿ ಮೊಮ್ಮಗನ ಕಾಲಿನ ಗೆರೆಯನ್ನು ನೋಡಿದರು. ಅಂಗೈ ನೋಡಿದರು. ರಟ್ಟೆ ನೋಡಿದರು. ಆಮೇಲೆ ಫೋನನ್ನು ಚೀಲದ ಮೇಲೆ ಇಟ್ಟರು. ಅದರೊಳಗಿನಿಂದ "ಹಲೋ, ಹಲೋ" ಎಂಬ ಸಣ್ಣ ದನಿ ಬರುತ್ತಲೇ ಇತ್ತು. ಸಾವ್ಕಾರರು ಹೆಂಡತಿ ಮತ್ತು ಸೊಸೆಯ ಕಡೆ ತಿರುಗಿದರು.

"ಯಾರು?"

ನನ್ನ ಕಣ್ಣು ಮಹಾದೇವಿಯ ಮೇಲಿತ್ತು. ಆ ಹುಡುಗಿ ಗೋಡೆಗೆ ಒತ್ತಿಕೊಂಡು ಅಲ್ಲಾಡದೆ ನಿಂತಿದ್ದಳು. ಮಾತು ಬಂದದ್ದು ಗುರಮ್ಮನ ಬಾಯಿಂದ.

"ದಿನಾ ಹಾಸಿಗಿ ತೋಯಿಸ್ತಾನ," ಎಂದಳು. "ಬೈದೆ, ಬಡಿದೆ, ಕೇಳಲಿಲ್ಲ. ಬುದ್ಧಿ ಬರ್ಲಿ ಅಂತ... ಒಮ್ಮಿ ಅಂಜಿಸಿದ್ರ ಬಿಡ್ತಾನ ಅಂತ... ನೀರು ಅಷ್ಟು ಕಾದಾವ ಅಂತ ನನಗ ಗೊತ್ತಿದ್ದಿಲ್ಲ."

ಚೀಲ ಹೊರುವ ಹಮಾಲರು ಬಾಗಿಲಲ್ಲೇ ನಿಂತುಬಿಟ್ಟಿದ್ದರು. ನನ್ನ ತಾಟಿಗೆ ರೊಟ್ಟಿ ಹಾಕಿದ ಕೈ ಅದು. ಆ ಕೈಯನ್ನೇ ನೋಡುತ್ತಿದ್ದೆ. ನೋಡಿದಷ್ಟೂ ಅದು ನನಗೆ ಗೊತ್ತಿದ್ದ ಕೈಯೇ ಆಗಿತ್ತು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಜೀಪು ಬಂತು. ಒದ್ದೆ ಬಟ್ಟೆ ಸುತ್ತಿದ ಕಾಲುಗಳನ್ನು ಎತ್ತಿ ಹಿಡಿದು ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿಕೊಂಡೆ. ಮಹಾದೇವಿ ಪಕ್ಕ ಕುಳಿತಳು. ಸಾವ್ಕಾರರು ಮುಂದೆ. ಗುರಮ್ಮ ಹತ್ತಲು ಬಂದಾಗ ಅವರು ಬಾಗಿಲು ಎಳೆದುಕೊಂಡರು. ಆಕೆ ಜೀಪಿನ ಹಿಂದೆ ಊರ ಅಗಸಿ ಬಾಗಿಲಿನವರೆಗೆ ಓಡಿ ಬಂದಳು. ಸಿದ್ದು ನನ್ನ ತೊಡೆಯ ಮೇಲೆ ಹೊರಳಾಡಿ ಅತ್ತದ್ದು ಯಾರಿಗಾಗಿ ಗೊತ್ತೆ? "ಆಯಿ ಬರ್ಲಿ, ಆಯಿ ಬರ್ಲಿ" ಎಂದು. ಗುಲಬರ್ಗಾ ಮುಟ್ಟುವವರೆಗೂ ಅದೊಂದೇ ಮಾತು. ದಾರಿಯಲ್ಲಿ ಮಹಾದೇವಿ ಒಮ್ಮೆ ಮಾತ್ರ ಬಾಯಿ ತೆರೆದಳು. "ನಾ ಹಿಂದ ನಿಂತಿದ್ದೆ ಬಾಯಾರೇ. ಅತ್ತಿಗೆ ಎದುರು ಆಡಿ ನನಗ ಗೊತ್ತಿಲ್ಲ."

ಆಸ್ಪತ್ರೆಯಲ್ಲಿ ಸರ್ಜನ್ ಮಗುವನ್ನು ಒಳಗೆ ತೆಗೆದುಕೊಂಡು, ಪೊಲೀಸರಿಗೂ ತಿಳಿಸಿದರು. ನನ್ನ ಮೇಲಧಿಕಾರಿ ಸುದ್ದಿ ಕೇಳಿ ನನ್ನನ್ನು ಕರೆಸಿದರು.

"ಏನಮ್ಮಾ, ಯಾರ ಮನಿ ಫೋನ್ ಮ್ಯಾಲ ನಿನ್ನ ದವಾಖಾನಿ ನಡದದ ಗೊತ್ತದಿಲ್ಲ? ನಾಳಿ ಅವ್ರು ಫೋನ್ ಬಂದ್ ಮಾಡಿದ್ರ ಇನ್ನೊಂದು ಕೂಸಿಗೆ ಏನ್ ಮಾಡ್ತಿ? ಬಿತ್ತು ಅಂತ ಬರದು ಮುಗಸು."

ಅವರು ಕೆಟ್ಟವರಾಗಿರಲಿಲ್ಲ. ಕೇಳಿದ ಪ್ರಶ್ನೆಯೂ ಸುಳ್ಳಲ್ಲ. ಕೂಳೆ ನೆಟ್ಟ ಆ ಹುಡುಗಿ ನನ್ನ ಕಣ್ಣ ಮುಂದೆ ಬಂದಳು. ಆದರೂ, "ನಾ ನೋಡಿದ್ದು ಬರೀತೇನಿ ಸರ್," ಎಂದು ನೋಡಿದ್ದನ್ನೇ ಬರೆದುಕೊಟ್ಟೆ. ಊರಿಗೆ ಮರಳುವಾಗ ಅಂಗಡಿಯ ಬಾಗಿಲು ನನಗೆ ಮುಚ್ಚಿರುತ್ತದೆಂದೇ ತಿಳಿದಿದ್ದೆ.

ಅಂಗಡಿ ತೆರೆದಿತ್ತು. ಸಾವ್ಕಾರರು ಗಾದಿಯ ಮೇಲೆ ಕುಳಿತಿದ್ದರು. ನನ್ನನ್ನು ನೋಡಿ ತಲೆ ತಗ್ಗಿಸಿ, "ಫೋನ್ ಮಾಡೋದಿದ್ರ ಮಾಡು ಬಾಯಿ. ಕೇಳಬ್ಯಾಡ," ಎಂದರು. ನಾನು ಅಲ್ಲಿರುವವರೆಗೂ ಆ ಫೋನಿನ ಮೇಲೆ ಎಷ್ಟೋ ಮಕ್ಕಳ ಗಾಯ ನೋಡಿದೆವು. ಅವರು ಒಂದು ದಿನವೂ ಮುಖ ತಿರುಗಿಸಲಿಲ್ಲ.

ಪೊಲೀಸರು ಮನೆಗೆ ಬಂದಾಗ ನಾನೂ ಇದ್ದೆ. ಹವಾಲ್ದಾರರಿಗೆ ಮುದುಕಿಯ ಮೇಲೆ ಕೇಸು ಹಾಕಲು ಮನಸ್ಸಿರಲಿಲ್ಲ. "ಕಾಲು ಜಾರಿ ಬಿದ್ದಾನ ಅನ್ರಿ ಅವ್ವಾರ, ಬರ್ಕೊಂಡು ಹೋಗ್ತೇನಿ," ಎಂದರು. ಗುರಮ್ಮ ಗೋಡೆ ನೋಡುತ್ತ, "ಇಲ್ರಿ. ನಾನೇ ನಿಂದ್ರಸೀನಿ," ಎಂದಳು. ಮೂರು ಸಲ ಕೇಳಿದರೂ ಅದೇ ಮಾತು. ಮುಂದೆ ಅಫಜಲಪುರದ ಕೋರ್ಟಿನಲ್ಲಿ ನಿಂತೂ ಅದನ್ನೇ ಹೇಳಿದಳಂತೆ. ವಯಸ್ಸು ನೋಡಿ, ತಾಕೀತು ಮಾಡಿ ಬಿಟ್ಟರು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಸಿದ್ದು ತಾಯಿಯ ಜೊತೆ ಅಂದೋಲಾದ ತವರುಮನೆಯಲ್ಲಿ ಬೆಳೆಯಬೇಕೆಂದು ಸಾವ್ಕಾರರೇ ನಿರ್ಧಾರ ಮಾಡಿದರು. ಮಹಾದೇವಿ ಆ ಮಾತಿಗೆ ಮೊದಲ ಸಲ ಮಾವನ ಮುಖ ನೋಡಿ ತಲೆಯಾಡಿಸಿದಳು.

ಸಿದ್ದುವಿನ ಕಾಲಿಗೆ ತೊಡೆಯ ಚರ್ಮ ತೆಗೆದು ಹಚ್ಚಿದರು. ಮಾಗಲು ಬಹಳ ದಿನ ಹಿಡಿಯಿತು. ರಜೆ ಸಿಕ್ಕಾಗಲೆಲ್ಲ ನಾನು ಆಸ್ಪತ್ರೆಗೆ ಹೋಗಿ ನೋಡಿ ಬರುತ್ತಿದ್ದೆ. ಮೆಲ್ಲಗೆ ಗೋಡೆ ಹಿಡಿದು ನಿಲ್ಲತೊಡಗಿದ್ದ. ಬೆರಳುಗಳು ಅಂಟಿಕೊಂಡಿರಲಿಲ್ಲ. ಅದೇ ದೊಡ್ಡ ಸಮಾಧಾನ.

ಒಂದು ಮಧ್ಯಾಹ್ನ ನಾನು ವಾರ್ಡಿನಲ್ಲಿದ್ದಾಗ ಗುರಮ್ಮ ಬಾಗಿಲಲ್ಲಿ ಬಂದು ನಿಂತಳು. ಇಳಿದುಹೋಗಿದ್ದಳು. ಒಳಗೆ ಬರಲು ಧೈರ್ಯವಿಲ್ಲದೆ ಮಹಾದೇವಿಯ ಮುಖ ನೋಡಿದಳು. ಮಹಾದೇವಿ ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಆದರೆ ಸಿದ್ದು ನೋಡಿಬಿಟ್ಟ. "ಆಯೀ!" ಎಂದು ಎರಡೂ ಕೈ ಚಾಚಿದ.

ಗುರಮ್ಮ ಮಂಚದ ಅಂಚಿಗೆ ಕುಳಿತು ಅವನನ್ನು ತೊಡೆಯ ಮೇಲೆ ಎತ್ತಿಕೊಂಡಳು. ಅವನು ಆಕೆಯ ಕೊರಳಿಗೆ ಮುಖ ಒತ್ತಿದ. ಮರುಕ್ಷಣವೇ ಅವನ ಮೈ ಕಟ್ಟಿಗೆಯಂತೆ ಸೆಟೆದುಕೊಂಡಿತು. ಗುರಮ್ಮನ ಸೀರೆಯ ಮೇಲೆ ಒದ್ದೆ ಹರಡತೊಡಗಿತು. ಅದು ನೆಲಕ್ಕೆ ತೊಟ್ಟಿಕ್ಕಿತು.

ಮಗು ತಲೆಯೆತ್ತಿ ಆಕೆಯ ಮುಖವನ್ನೇ ನೋಡಿತು. ಅಂಥ ಅಂಜಿಕೆಯನ್ನು ನಾನು ಮತ್ತೆ ಯಾವ ಮಗುವಿನ ಕಣ್ಣಿನಲ್ಲೂ ನೋಡಿಲ್ಲ.

"ಆಯಿ, ನಾ ಮಾಡಿಲ್ಲ," ಎಂದ. "ನೀರು ಚೆಲ್ಯಾವ."

ಗುರಮ್ಮ ಅಲುಗಾಡಲಿಲ್ಲ, ಸೀರೆ ಕೊಡವಲಿಲ್ಲ.

"ಹೌದಪ್ಪಾ, ನೀರೇ," ಎಂದಳು. "ನಾನೇ ಚೆಲ್ಲೀನಿ."

ಅವನು ನಿದ್ದೆ ಹೋಗುವವರೆಗೂ ಆಕೆ ಆ ಒದ್ದೆ ಸೀರೆಯಲ್ಲೇ ಕುಳಿತಿದ್ದಳು.